ಪಾಲಿಶ್ ಕೋಣೆಯ ಮೂಕ ಗಂಟೆ

"ಇನ್ನೊಂದು ಸಲ ಹಿಡೀರಿ ಮೇಸ್ತ್ರಿ," ಎಂದ ಪತ್ತೇದಾರ ವರ್ಧಮಾನ.

ಮೇಸ್ತ್ರಿ ಏಣಿಯ ಮೇಲೆ ನಿಂತು, ಕೆಂಡ ತುಂಬಿದ ಇಸ್ತ್ರಿಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಮೇಲೆತ್ತಿದ. ಪಾಲಿಶ್ ಕೋಣೆಯ ಮಾಡಿನ ಕೆಳಗೆ, ಗವಾಕ್ಷಿಯ ಮಗ್ಗುಲಲ್ಲಿ, ಅಂಗೈಯಗಲದ ಹಿತ್ತಾಳೆ ಬಟ್ಟಲೊಂದನ್ನು ಬೋರಲಾಗಿ ಕೂರಿಸಿದ್ದರು. ಕೋಣೆಯಲ್ಲಿ ಬೆಂಕಿ ಎದ್ದರೆ ಅದರ ಕಾವನ್ನು ಮೊದಲು ಅರಿಯಬೇಕಾದದ್ದು ಆ ಬಟ್ಟಲು.

ಸ್ಪಿರಿಟ್ ಡಬ್ಬಗಳನ್ನೂ ವಾರ್ನಿಷ್ ಪೀಪಾಯಿಗಳನ್ನೂ ಬೆಳಿಗ್ಗೆಯೇ ಅಂಗಳಕ್ಕೆ ಸಾಗಿಸಿಯಾಗಿತ್ತು. ಗೋಡೆಯ ಆಚೆ ಸಾಲಾಗಿ ನಿಂತ, ಬೆಂಕಿ ಆರಿಸುವ ಗ್ಯಾಸ್ ಸಿಲಿಂಡರುಗಳ ಕೊಳವೆಯನ್ನೂ ವರ್ಧಮಾನ ಕಳಚಿಸಿದ್ದ. ಬಾಗಿಲ ಹೊರಗೆ ಜನ ಗುಂಪುಗೂಡಿ ನಿಂತಿದ್ದರು.

ಗೋಡೆಯ ಕರಿಪೆಟ್ಟಿಗೆಯೊಳಗೆ 'ಟಕ್' ಎಂದಿತು.

ಆ ಸದ್ದು ಅಡಗುವ ಮೊದಲೇ ಸರಪಳಿಯ ತುದಿಯ ಕಬ್ಬಿಣದ ಗುಂಡು 'ಧಪ್' ಎಂದು ಕೆಳಗೆ ಬಿತ್ತು. ಅದರ ಎಳೆತಕ್ಕೆ ಕೋಣೆಯ ಬಾಗಿಲು ತಾನಾಗಿ ಬಂದು ಮುಚ್ಚಿಕೊಂಡಿತು. ಕೊಳವೆ ಕಳಚದಿದ್ದರೆ ಆ ಗಳಿಗೆಯಲ್ಲೇ ಸಿಲಿಂಡರುಗಳೆಲ್ಲ ಬಾಯಿ ತೆರೆದು ಕೋಣೆಯನ್ನು ತುಂಬಿಬಿಡುತ್ತಿದ್ದವು.

ಗಂಟೆ ಮಾತ್ರ ಹೊಡೆಯಲಿಲ್ಲ. ಮೂರನೆಯ ಸಲವೂ ಹೊಡೆಯಲಿಲ್ಲ.

ಮೊನ್ನೆ ಹೀಗೆಯೇ ಮುಚ್ಚಿಕೊಂಡ ಈ ಬಾಗಿಲ ಹಿಂದೆ ಕನ್ನಮ್ಮ ಸತ್ತುಬಿದ್ದಿದ್ದಳು. ಮೈಮೇಲೆ ಒಂದು ಗಾಯವಿಲ್ಲ, ಒಂದು ಸುಟ್ಟ ಕಲೆಯಿಲ್ಲ. ಪಾಲಿಶ್ ಹಚ್ಚುವವಳು ಪಾಲಿಶಿನ ಸ್ಪಿರಿಟ್ಟನ್ನೇ ಕುಡಿದು ಸತ್ತಳು ಎಂದು ಇಡೀ ಸಾಗರದ ಪೇಟೆ ಮಾತಾಡಿಕೊಂಡಿತ್ತು. ಹೊಟ್ಟೆಯಲ್ಲಿ ಸ್ಪಿರಿಟ್ಟಿನ ವಾಸನೆಯೂ ಇರಲಿಲ್ಲವೆಂದು ಆಸ್ಪತ್ರೆಯ ವೈದ್ಯರು ಹೇಳಿದ ಮಾತು ಮಾತ್ರ ಆಸ್ಪತ್ರೆಯ ಗೇಟು ದಾಟಿರಲಿಲ್ಲ.

"ನೋಡಿದ್ರಲ್ಲ?" ಎಂದ ಮರಗೆಲಸದ ಕಾರ್ಖಾನೆಯ ಯಜಮಾನ ಅಜಿತಕುಮಾರ, ಬಿಳಿ ಶರಟಿನ ತೋಳು ಮಡಿಸಿಕೊಳ್ಳುತ್ತ. "ಕಾವು ತಾಗ್ತು, ಗುಂಡು ಬಿತ್ತು. ಎಲ್ಲ ಸರಿಯಾಗೇ ಕೆಲಸ ಮಾಡ್ತಾ ಇದೆ."

"ಗಂಟೆ?"

"ಗಂಟೆಗೇನಾಗಿದೆ?" ಅಜಿತಕುಮಾರ ಆಫೀಸಿನ ಜಗಲಿಗೆ ಹೋಗಿ ಕಂಬದಲ್ಲಿದ್ದ ಗುಂಡಿ ಒತ್ತಿದ. ಗಂಟೆ ಕಿವಿ ಕಿತ್ತುಹೋಗುವಂತೆ ಹೊಡೆದುಕೊಂಡಿತು. ಹೆಂಚಿನ ಮೇಲಿದ್ದ ಕಾಗೆಗಳು ಜೋಗದ ರಸ್ತೆಯ ಕಡೆಗೆ ಹಾರಿಹೋದವು. "ಕೇಳಿಸ್ತಲ್ಲ? ತಪಾಸಣೆಗೆ ಬಂದೋರೂ ಹೀಗೇ ಒತ್ತಿ ನೋಡಿ, ಸರಿ ಇದೆ ಅಂತ ಹೇಳಿ ಹೋಗಿದಾರೆ."

ಪೊಲೀಸ್ ಕೆಲಸ ಬಿಟ್ಟು ಸ್ವಂತ ಪತ್ತೇದಾರಿಕೆಗೆ ಇಳಿದ ಮೇಲೆ ವರ್ಧಮಾನ ಕಲಿತ ಒಂದು ಗುಣವೆಂದರೆ ಸಿಟ್ಟು ಬಂದಾಗ ದನಿ ತಗ್ಗಿಸುವುದು. ಇವತ್ತು ಅದು ಆಗಲಿಲ್ಲ.

"ಸ್ವಾಮಿ, ನಿಮ್ಮ ಗಂಟೆ ಚೆನ್ನಾಗಿದೆ. ಗುಂಡು ಚೆನ್ನಾಗಿದೆ. ಗ್ಯಾಸೂ ಚೆನ್ನಾಗಿದೆ. ಒಂದಕ್ಕೊಂದು ಸಂಬಂಧ ಮಾತ್ರ ಇಲ್ಲ! ಇಂಥ ಏರ್ಪಾಡಿಗೆ ಒಂದು ನಿಯಮ ಇದೆ. ಬೆಂಕಿ ಗೊತ್ತಾದ ಕೂಡ್ಲೆ ಮೊದಲು ಗಂಟೆ. ಒಳಗಿದ್ದ ಜೀವ ಹೊರಗೆ ಬರೋದಕ್ಕೆ ಹೊತ್ತು ಕೊಡಬೇಕು. ಆಮೇಲೆ ಬಾಗಿಲು. ಎಲ್ಲ ಆದ ಮೇಲೆ ಗ್ಯಾಸ್. ಯಾಕೆ ಅಂದ್ರೆ ಆ ಗ್ಯಾಸ್ ಬೆಂಕಿಯ ಉಸಿರನ್ನಷ್ಟೇ ಕಟ್ಟೋದಿಲ್ಲ, ಮನುಷ್ಯನ ಉಸಿರನ್ನೂ ಕಟ್ತದೆ. ನಾಲ್ಕು ಸಲ ಉಸಿರು ಎಳೆದರೆ ಪ್ರಜ್ಞೆ ತಪ್ತದೆ."

"ಅದೆಲ್ಲ ಇಂಜಿನಿಯರ್‌ಗಳ ಮಾತು. ನನಗೇನು ಗೊತ್ತು?"

"ಅವಳು ಕುಡಿದು ಸತ್ತಳು ಅನ್ನೋದು ಮಾತ್ರ ಹೇಗೆ ಗೊತ್ತಾಯ್ತು?"

ಅಜಿತಕುಮಾರ ಸಬ್ ಇನ್‌ಸ್ಪೆಕ್ಟರ್ ಗಿರಿಯಪ್ಪನ ಮುಖ ನೋಡಿದ. ಗಿರಿಯಪ್ಪ ತನ್ನ ಟೋಪಿಯ ಅಂಚು ನೋಡಿಕೊಂಡ. ಯಜಮಾನನ ಬಾಯಿಂದ ಕೇಳಿದ್ದನ್ನೇ ಹಾಗೇ ಬರೆದುಕೊಂಡವನು ಅವನೇ ಆಗಿದ್ದ.

"ಅಜಿತಾ, ಸಾಕು ಮಾಡು," ಎಂಬ ದನಿ ಹಿಂದಿನಿಂದ ಬಂತು.

ಅಜಿತಕುಮಾರನ ಅಕ್ಕ ಪದ್ಮಲತಾ ಜಗಲಿಯ ಮೆಟ್ಟಿಲಲ್ಲಿ ನಿಂತಿದ್ದರು. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು, ಕಾರ್ಖಾನೆಯಲ್ಲಿ ತಮ್ಮನಷ್ಟೇ ಪಾಲು ಉಳ್ಳವರು. ಕನ್ನಮ್ಮ ಕುಡಿದು ಸಾಯುವ ಹೆಂಗಸಲ್ಲ, ನಿಜ ಏನೆಂದು ನೀವು ಹುಡುಕಿಕೊಡಿ ಎಂದು ವರ್ಧಮಾನನನ್ನು ಕರೆಸಿದವರೂ ಅವರೇ.

"ಈ ಕರಿಪೆಟ್ಟಿಗೆ ಕೂರಿಸಿದ್ದು ತೀರ್ಥಹಳ್ಳಿ ಹೂವಯ್ಯ," ಎಂದರು ಪದ್ಮಲತಾ. "ಇಲ್ಲಿ ಕೂಗಾಡಿದ್ರೆ ಏನೂ ಹುಟ್ಟೋದಿಲ್ಲ. ನನ್ನ ಕಾರಿದೆ, ಹೋಗೋಣ."

ಹೊರಡುವ ಮುನ್ನ ವರ್ಧಮಾನ ಒಬ್ಬನೇ ಏಣಿ ಹತ್ತಿದ. ನಿನ್ನೆ ಕಂಡದ್ದನ್ನು ಇನ್ನೊಮ್ಮೆ ಕಣ್ಣು ತುಂಬ ನೋಡಿಕೊಳ್ಳಬೇಕಿತ್ತು.

ಕೋಣೆಯಲ್ಲಿ ಅಂದು ಬೆಂಕಿಯೇ ಬಿದ್ದಿರಲಿಲ್ಲ. ಮಾಡಿಗೆ ಮಸಿ ಹಿಡಿದಿರಲಿಲ್ಲ. ಹಾಗಾದರೆ ಬಟ್ಟಲು ಕಾದದ್ದು ಯಾವುದರಿಂದ?

ಮರದ ಹುಡಿ ಗೋಡೆಯ ಮೇಲೆಲ್ಲ ದಪ್ಪಗೆ ಕೂತಿತ್ತು. ಬಟ್ಟಲಿನ ಕೆಳಗೆ ಮಾತ್ರ ನೀರು ಇಳಿದ ಗೆರೆಗಳು. ಗವಾಕ್ಷಿಯ ಚೌಕಟ್ಟಿನ ಹೊರಮೈಯಲ್ಲಿ ಗಳ ಉಜ್ಜಿದ ಹೊಸ ಗುರುತು, ಅದರ ಸಿಬಿರಿಗೆ ಸಿಕ್ಕಿಕೊಂಡ ಬಿಳಿ ನೂಲಿನ ಎಳೆ. ಯಾರೋ ಹೊರಗೆ ನಿಂತು, ಕುದಿಯುವ ನೀರಲ್ಲಿ ಅದ್ದಿದ ದಪ್ಪ ಬಟ್ಟೆಯನ್ನು ಗಳದ ತುದಿಗೆ ಸುತ್ತಿ, ಗವಾಕ್ಷಿಯಿಂದ ತೂರಿಸಿ ಬಟ್ಟಲಿಗೆ ಒತ್ತಿ ಹಿಡಿದಿದ್ದರು. ಬೆಂಕಿ ತಂದರೆ ಸ್ಪಿರಿಟ್ ಹೊತ್ತಿಕೊಳ್ಳುತ್ತದೆ, ಕಾರ್ಖಾನೆ ಉಳಿಯುವುದಿಲ್ಲ. ಬಿಸಿನೀರಿಗೆ ಸಾಯುವುದು ಒಳಗಿದ್ದ ಹೆಂಗಸು ಮಾತ್ರ.

ಗವಾಕ್ಷಿಯ ಹೊರಗೆ ಯಜಮಾನರ ಮನೆಯ ಬಚ್ಚಲು. ಅಲ್ಲಿ ಹಂಡೆಯ ಕೆಳಗೆ ಒಲೆ ಆರುವುದೇ ಅಪರೂಪ.

ಈ ಸಂಗತಿಯನ್ನು ವರ್ಧಮಾನ ಗಿರಿಯಪ್ಪನಿಗೂ ಹೇಳಲಿಲ್ಲ, ಪದ್ಮಲತಾ ಅವರಿಗೂ ಹೇಳಲಿಲ್ಲ. ನೂಲಿನ ಎಳೆಯನ್ನು ಬೆಂಕಿಪೊಟ್ಟಣದಲ್ಲಿಟ್ಟು ಜೇಬಿಗೆ ಸೇರಿಸಿದ.

ಕಾರು ಹೊಸನಗರದ ಪೇಟೆ ದಾಟುವ ಮೊದಲು ವರ್ಧಮಾನ ನಿಲ್ಲಿಸಲು ಹೇಳಿದ. ಕನ್ನಮ್ಮನ ತಾಯಿ ವೆಂಕಮ್ಮನ ಮನೆ ರಸ್ತೆಯ ಕೆಳಗೇ ಇತ್ತು.

"ನೀವೂ ಬರ್ತೀರಾ?" ಎಂದು ಕೇಳಿದ.

"ಬಿಸಿಲಿಗೆ ತಲೆ ಸಿಡೀತಾ ಇದೆ. ನೀವು ಹೋಗಿಬನ್ನಿ," ಎಂದು ಪದ್ಮಲತಾ ಸೆರಗನ್ನು ಹಣೆಯ ತನಕ ಎಳೆದುಕೊಂಡರು.

ಸತ್ತವಳಿಗಾಗಿ ಪತ್ತೇದಾರನನ್ನು ಕರೆಸಿದವರು ಸತ್ತವಳ ತಾಯಿಯ ಬಾಗಿಲಿಗೆ ಬಂದು ಕಾರಿನಲ್ಲೇ ಕೂತರಲ್ಲ ಎಂದು ಅವನಿಗೆ ಅನಿಸಿತು. ಹೆತ್ತವಳಿಗೆ ಮುಖ ತೋರಿಸಲು ನಾಚಿಕೆ ಇರಬಹುದು ಎಂದುಕೊಂಡು ಇಳಿದುಹೋದ.

ವೆಂಕಮ್ಮ ಬಾಗಿಲ ಹೊಸ್ತಿಲಲ್ಲಿ ಕೂತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಬಂದವನು ಯಾರೆಂದು ತಿಳಿದ ಮೇಲೂ ತಲೆ ಎತ್ತಲಿಲ್ಲ.

"ನೀವೂ ಅದನ್ನೇ ಕೇಳಾಕೆ ಬಂದ್ರಾ? ಮಗಳು ಎಷ್ಟು ಕುಡೀತಿದ್ಲು ಅಂತ?"

"ಇಲ್ಲಮ್ಮ. ಅವಳು ಕುಡೀತಿರಲಿಲ್ಲ ಅಂತ ನನಗೆ ಗೊತ್ತು."

ಮುದುಕಿಯ ಕೈ ಮೊರದ ಮೇಲೇ ನಿಂತಿತು.

"ಅಷ್ಟು ಹೇಳಿದ್ರಲ್ಲ ಅಯ್ಯಾ! ಹೆಣ ತಂದ ದಿನ ಹೊರಾಕೆ ಜನ ಸಿಗಲಿಲ್ಲ. ಕುಡ್ದು ಸತ್ತೋಳು ಅಂತ ಅಂದ್ರು. ನಮ್ಮೋರೇ ಅಂದ್ರು. ಅವಳ ಎರಡು ಹೆಣ್ಮಕ್ಳು ಮನೆ ಬಿಟ್ಟು ಹೊರಗೆ ಹೋಗಾಕೆ ಹೆದರ್ತಾವೆ. ಜೀವ ಹೋಯ್ತು, ಹೋಗ್ಲಿ. ಹೆಸರು ಯಾಕೆ ತೆಗೆದ್ರು?"

ವರ್ಧಮಾನ ಅವಳ ಎದುರಿಗೆ ನೆಲದ ಮೇಲೆಯೇ ಕೂತ.

"ಅವಳು ಕಾರ್ಖಾನೆ ವಿಷಯ ಏನಾದ್ರೂ ಹೇಳಿದ್ಲಾ?"

"ಹೇಳದೆ ಏನು? ಹಿಂದೆ ಒಂದ್ಸಲ ಹಿಂಗೇ ಆಗಿತ್ತಂತೆ. ಕೂತಲ್ಲೇ ಬುಸ್ ಅಂತ ಬಿಳೀ ಮೋಡ ಬಂತಂತೆ. ಬಾಗ್ಲ ಹತ್ರ ಇದ್ದಳು, ತೂರ್ಕಂಡು ಓಡಿ ಬಂದಳು. ಗಂಟೆ ಹೊಡೀಬೇಕಿತ್ತು, ಹೊಡೀಲಿಲ್ಲ ಅಂತ ಯಜಮಾನ್ರಿಗೆ ಹೇಳಿದ್ಲಂತೆ. 'ನೀನು ಬದುಕಿದೀಯಲ್ಲ, ಮತ್ತೆಂತ?' ಅಂದ್ರಂತೆ."

"ಆಮೇಲೆ?"

"ಸುಮ್ನಿರೋಳಲ್ಲ ಅವಳು. ಶಿವಮೊಗ್ಗದಿಂದ ಇನ್‌ಸ್ಪೆಕ್ಟ್ರು ಬರ್ತಾರಂತೆ ಅವ್ವಾ, ಎಲ್ರ ಎದುರಿಗೂ ಹೇಳ್ತೀನಿ, ಆ ಕೋಣೇಲಿ ನಾನೊಬ್ಳೇ ಅಲ್ಲ, ನಾಳೆ ಇನ್ನೊಬ್ಳು ಕೂರ್ತಾಳೆ ಅಂದ್ಲು. ಅವ್ರು ಬರೋ ಹಿಂದಿನ ದಿನಾನೇ..."

ಅವಳು ಮೊರವನ್ನು ಮತ್ತೆ ಮಡಿಲಿಗೆ ಎಳೆದುಕೊಂಡಳು.

ವರ್ಧಮಾನ ಏರು ಹತ್ತಿ ಕಾರಿಗೆ ಬಂದ. ಬಾಯಿ ಬಿಡುತ್ತೇನೆ ಎಂದವಳ ಬಾಯಿಯನ್ನು ಮುಚ್ಚಿಸಿದ್ದರು. ಸತ್ತ ಮೇಲೆ ಆ ಬಾಯಿಗೆ ಸ್ಪಿರಿಟ್ಟಿನ ವಾಸನೆಯನ್ನೂ ಹಚ್ಚಿದ್ದರು.

ತೀರ್ಥಹಳ್ಳಿಯಲ್ಲಿ ತುಂಗೆಯ ಸೇತುವೆ ದಾಟಿದರೆ ಹೂವಯ್ಯನ ಅಂಗಡಿ. ಮುಂದೆ ರೇಡಿಯೋ, ಹಿಂದೆ ವೈರಿಂಗ್ ಸಾಮಾನು. ಪದ್ಮಲತಾ ಬಳೆ ಅಂಗಡಿಗೆ ಹೋಗಿಬರುವುದಾಗಿ ಹೇಳಿ ಸೇತುವೆಯ ಕಮಾನಿನ ಹತ್ತಿರವೇ ಇಳಿದುಕೊಂಡರು.

ಹೂವಯ್ಯ ಐವತ್ತರ ಆಸುಪಾಸಿನ ದಪ್ಪ ಮನುಷ್ಯ. ಬೊಂಬಾಯಿಯ ದೊಡ್ಡ ಕಂಪನಿಯಲ್ಲಿ ಕೆಲಸ ಕಲಿತು ಬಂದವನೆಂಬ ಜಂಬ ಅವನ ಕುರ್ಚಿಯ ಮೇಲೂ ಕೂತಿತ್ತು.

"ಎಂತ ಆಗ್ಬೇಕಿತ್ತು?"

"ಸಾಗರದ ಪಾಲಿಶ್ ಕೋಣೆಯ ಪೆಟ್ಟಿಗೆ. ನಿನ್ನೆ ಬಿಚ್ಚಿ ನೋಡಿದೆ, ಅದರೊಳಗೆ ಬಟ್ಟಲನ್ನ ಗಂಟೆಗೆ ಸೇರಿಸೋ ಒಂದು ತಾಮ್ರದ ಪಟ್ಟಿ ಇದೆ. ಅದನ್ನ ತಿರುಗಿಸಿದ್ದು ಯಾರು?"

ಹೂವಯ್ಯನ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಮೇಜಿನ ಮೇಲೆ ಕೂತಿತು. "ಪೊಲೀಸರಾ?"

"ಅಲ್ಲ. ಪೊಲೀಸರಿಗೆ ಹೇಳೋ ಮೊದಲು ನಿಮ್ಮನ್ನ ಕೇಳಾಣ ಅಂತ ಬಂದೋನು."

ಸ್ವಲ್ಪ ಹೊತ್ತು ಹೂವಯ್ಯ ಮೀಸೆ ತೀಡಿಕೊಂಡ. ಆಮೇಲೆ ಏನೂ ಆಗದವನ ಹಾಗೆ ನಕ್ಕ.

"ನಾನೇ ತಿರುಗಿಸಿದ್ದು ಮಾರಾಯ್ರೆ. ಅದರಲ್ಲಿ ಮುಚ್ಚಿಡೋದು ಎಂತ ಉಂಟು? ಅಜಿತಕುಮಾರ್ರೇ ಮಾಡ್ಸಿದ್ರು. ಗಂಟೆ ಹೊಡೆದ್ರೆ ಇಡೀ ಕಾರ್ಖಾನೆ ಜನ ಕೆಲಸ ಬಿಟ್ಟು ಅಂಗಳಕ್ಕೆ ಬರ್ತಾರೆ. ಒಂದ್ಸಲ ದೊಡ್ಡ ಗಿರಾಕಿ ಬಂದಾಗ ಸುಳ್ಳೇ ಹೊಡೆದು ಮರ್ಯಾದೆ ಹೋಯ್ತು ಅಂದ್ರು. ಮತ್ತೆ, ಗಂಟೆ ಹೊಡೆದು ಕಾಯೋಷ್ಟ್ರಲ್ಲಿ ಬೆಂಕಿ ಸಾಗವಾನಿಗೆ ಹತ್ಕಂಡ್ರೆ? ಗ್ಯಾಸ್ ಕೂಡ್ಲೆ ಬರ್ಲಿ ಅಂದ್ರು. ಪಟ್ಟಿ ತಿರುಗಿಸಿ ಕೊಟ್ಟೆ."

"ಗಂಟೆಯನ್ನ ಕಂಬದ ಗುಂಡಿಗೆ ಕಟ್ಟಿದ್ರಿ."

"ಹೌದು. ನೋಡೋಕೆ ಬಂದೋರು ಗುಂಡಿ ಒತ್ತಿದ್ರು, ಗಂಟೆ ಹೊಡೀತು. ಚಾ ಕುಡ್ದು ಹೋದ್ರು."

"ನಿಯಮ ನಿಮಗೆ ಗೊತ್ತಿರಲಿಲ್ಲವಾ?"

"ಗೊತ್ತಿಲ್ದೆ ಎಂತ? ಬೊಂಬಾಯಲ್ಲಿ ಮೊದಲು ಕಲಿಸೋದೇ ಅದನ್ನ. ಬಟ್ಟಲು, ಗಂಟೆ, ಬಾಗಿಲು, ಗ್ಯಾಸ್ ಬೇರೆ ಬೇರೆ ಅಲ್ಲ, ಒಂದೇ ಮೈ, ಪರೀಕ್ಷೆ ಮಾಡೋದಾದ್ರೆ ಎಲ್ಲವನ್ನೂ ಒಟ್ಟಿಗೇ ಮಾಡ್ಬೇಕು ಅಂತ. ಆದ್ರೆ ಇದು ಬೊಂಬಾಯಲ್ಲ. ಇಲ್ಲಿ ಕೇಳೋರು ಯಾರು?"

"ನಾನು ಕೇಳ್ತಾ ಇದೀನಿ!"

ಮೇಜಿನ ಮೇಲೆ ಬಿದ್ದ ವರ್ಧಮಾನನ ಕೈಯ ಏಟಿಗೆ, ಬಿಚ್ಚಿಟ್ಟ ರೇಡಿಯೋದ ಸಣ್ಣ ಸ್ಕ್ರೂಗಳೆಲ್ಲ ನೆಲಕ್ಕೆ ಚೆಲ್ಲಿದವು. ಬೀದಿಯಲ್ಲಿ ಹೋಗುತ್ತಿದ್ದವರು ನಿಂತು ನೋಡಿದರು.

"ಗೊತ್ತಿಲ್ಲದವನು ಮಾಡಿದ್ರೆ ಅದು ತಪ್ಪು. ಗೊತ್ತಿದ್ದೂ ಮಾಡಿದ್ರೆ ಅದಕ್ಕೆ ಬೇರೆ ಹೆಸರಿದೆ ಹೂವಯ್ಯನೋರೆ. ಸಾಗವಾನಿ ಕಾಯೋದಕ್ಕೆ ಕಾವಲು ಕೂರಿಸಿ, ಆ ಕಾವಲಿನ ಕೈಗೆ ಮನುಷ್ಯರ ಕುತ್ತಿಗೆ ಕೊಟ್ಟು ಬಂದ್ರಿ. ಹಲಗೆ ನೆಟ್ಟಗಿದೆ. ಅದಕ್ಕೆ ಪಾಲಿಶ್ ಹಚ್ಚೋಳು ಮಣ್ಣಾದಳು. ಎರಡು ಹೆಣ್ಣುಮಕ್ಕಳು ತಲೆ ತಗ್ಗಿಸಿಕೊಂಡು ಮನೆಯೊಳಗೆ ಕೂತಿವೆ. ನೀವು ಇಲ್ಲಿ ಮೀಸೆ ತೀಡ್ತಾ ಇದೀರಿ!"

ಹೂವಯ್ಯನ ಜಂಬ ಮೊದಲ ಸಲ ಅಲುಗಿತು. ಅವನು ಎದ್ದು ಹೂಜಿಯಿಂದ ನೀರು ಬಗ್ಗಿಸಿಕೊಂಡ. ಲೋಟ ತುಟಿಗೆ ಹೋಗದೆ ಅರ್ಧದಲ್ಲೇ ನಿಂತಿತು.

"ಸತ್ತದ್ದು... ಅದೇ ಹೆಂಗಸಾ? ಎತ್ತರಕ್ಕೆ, ಬಲಗೈ ಬೆರಳೆಲ್ಲ ಅರಗಿನ ಬಣ್ಣ ಹಿಡಿದಿತ್ತು, ಅವಳಾ?"

ವರ್ಧಮಾನ ಚುರುಕಾದ. "ನೀವು ಅವಳನ್ನ ನೋಡಿದೀರಾ?"

"ಕುಡ್ದು ಸತ್ತೋಳು ಯಾರೋ ಅಂತ ಕೇಳಿದ್ದೆ. ಅವಳು ಅಂತ ಗೊತ್ತಿರಲಿಲ್ಲ." ಹೂವಯ್ಯ ಕುರ್ಚಿಗೆ ಕುಸಿದ. "ಅವಳು ಇಲ್ಲಿಗೆ ಬಂದಿದ್ಲು. ಅದೇ ನೀವು ನಿಂತಲ್ಲೇ ನಿಂತಿದ್ಲು. ಪಟ್ಟಿ ಮೊದಲಿನ ಹಾಗೆ ಮಾಡಿ ಕೊಡಿ ಅಂತ ಕೈ ಮುಗಿದ್ಲು. ಯಜಮಾನ್ರು ಹೇಳ್ದೆ ನಾ ಮುಟ್ಟೋದಿಲ್ಲ, ಹೋಗು ಅಂತ ಗದರಿಸಿದೆ."

"ಅವಳು ಕೈ ಮುಗಿದು ಕೇಳಿದ್ದು ಒಂದು ತಾಮ್ರದ ಪಟ್ಟಿ. ಅದನ್ನೂ ಕೊಡಲಿಲ್ಲ."

ಹೂವಯ್ಯ ಲೋಟವನ್ನು ಮೇಜಿನ ಮೇಲಿಟ್ಟ.

"ಸಾಗರದಿಂದ ಇಷ್ಟು ದೂರ ಅವಳು ಹೇಗೆ ಬಂದಳು? ಬಸ್ಸಿಗಾ?"

"ಬಸ್ಸಿಗಲ್ಲ. ಕಾರಿನಲ್ಲಿ. ಜೊತೆಗೆ ಇನ್ನೊಬ್ರು ಬಂದಿದ್ರು. ಅವಳು ಅಳ್ತಾ ಹೋಗಿ ಕಾರಿನಲ್ಲಿ ಕೂತ್ಳು. ಆ ಇನ್ನೊಬ್ರು ಮಾತ್ರ ಒಳಗೇ ನಿಂತ್ರು. ಒಂದು ಮಾತು ಕೇಳಿದ್ರು."

"ಏನಂತ?"

"ಆ ಬಟ್ಟಲಿಗೆ ಬೆಂಕಿಯೇ ತಾಗಬೇಕಾ, ಕುದಿಯೋ ನೀರಿನ ಕಾವೂ ಸಾಕಾ ಅಂತ."

ವರ್ಧಮಾನನ ಕೈ ಜೇಬಿನ ಬೆಂಕಿಪೊಟ್ಟಣಕ್ಕೆ ಹೋಯಿತು. ಬಿಸಿನೀರಿನ ಸುದ್ದಿ ಈ ಲೋಕದಲ್ಲಿ ಇಬ್ಬರಿಗೆ ಮಾತ್ರ ಗೊತ್ತಿರಲು ಸಾಧ್ಯ. ಒಬ್ಬ ತಾನು. ಇನ್ನೊಬ್ಬರು ಅದನ್ನು ಮಾಡಿದವರು.

"ನೀವು ಏನು ಹೇಳಿದ್ರಿ?"

"ಸಾಕು ಅಂದೆ. ಬಚ್ಚಲ ಹಬೆಗೇ ಎಲ್ಲಿ ಗುಂಡು ಬಿದ್ದು ಬಿಡ್ತದೋ ಅಂತ ಹೆದರಿ ಕೇಳ್ತಿದ್ದಾರೆ ಅಂದ್ಕಂಡೆ. ನನಗೆ ಹೆಂಗೆ ಗೊತ್ತಾಗ್ಬೇಕು?"

"ಯಾರು ಅವರು? ಹೆಸರು ಹೇಳಿ."

ಹೂವಯ್ಯ ಬಾಯಿ ತೆರೆದ. ಅವನ ಕಣ್ಣು ವರ್ಧಮಾನನ ಹೆಗಲ ಮೇಲಿಂದ ಬೀದಿಯ ಕಡೆಗೆ ಹೋಯಿತು. ಅಲ್ಲೇ ನಾಟಿಕೊಂಡಿತು. ದಪ್ಪ ಮುಖದ ಬಣ್ಣವೆಲ್ಲ ಇಳಿದು ಸುಣ್ಣದ ಹಾಗಾಯಿತು.

"ನನ್ನ ಹತ್ರ ಆಟ ಆಡ್ತಿದ್ದೀರಾ?" ಎಂದ ಅವನು. "ಅವರ ಕಾರಿನಲ್ಲೇ ಕೂತು ಬಂದು, ಯಾರು ಅಂತ ನನ್ನ ಕೇಳ್ತೀರಲ್ಲ!"

ವರ್ಧಮಾನ ತಿರುಗಿದ.

ಅಂಗಡಿಯ ಮೆಟ್ಟಿಲ ಮೇಲೆ ಪದ್ಮಲತಾ ನಿಂತಿದ್ದರು. ಕೈಯಲ್ಲಿ ಬಳೆಯ ಪೊಟ್ಟಣ ಇರಲಿಲ್ಲ. ಎಷ್ಟು ಹೊತ್ತಿನಿಂದ ನಿಂತಿದ್ದರೋ ತಿಳಿಯದು. ಹೂವಯ್ಯನ ಕಡೆಗೆ ಅವರು ನೋಡಲೇ ಇಲ್ಲ. ವರ್ಧಮಾನನ ಮುಖವನ್ನೇ ನೋಡುತ್ತ, ಕೊಡೆಯನ್ನು ನಿಧಾನವಾಗಿ ಮಡಿಸಿದರು.

"ಕೇಳಿ ಆಯ್ತಲ್ಲ?" ಎಂದರು. ದನಿಯಲ್ಲಿ ನಡುಕವಿರಲಿಲ್ಲ. "ಆ ಮಾತು ಕೇಳಿದ್ದು ನಾನೇ. ಇಲ್ಲ ಅನ್ನೋದಿಲ್ಲ. ಆದ್ರೆ ಆ ಉತ್ತರಾನ ಅದೇ ದಿನ ಸಾಯಂಕಾಲ ಇಲ್ಲಿಂದಲೇ ಟ್ರಂಕ್ ಕಾಲ್ ಮಾಡಿ ಅವರು ಸಾಗರದ ನಮ್ಮ ಮನೇಲಿ ಯಾರಿಗೆ ಹೇಳಿದ್ರು ಅಂತ ಹೂವಯ್ಯನೋರನ್ನ ಕೇಳಿದ್ರಾ?"

ವರ್ಧಮಾನ ಮತ್ತೆ ಒಳಗೆ ತಿರುಗಿದ.

ಕುರ್ಚಿ ಖಾಲಿಯಾಗಿತ್ತು. ಹಿಂಬಾಗಿಲ ಅಗಳಿ ಹೊರಗಿನಿಂದ ಬೀಳುವ ಸದ್ದು ಕೇಳಿಸಿತು.